ಒಂದೇ ದಿನಕ್ಕೆ ಏಳು ತಾಣ

ನನಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ. ಹೊರಡುವ ಮುನ್ನ ಎಲ್ಲರೂ ಸೇರಿ ಎಲ್ಲಿಗಾದರೂ ಹೋಗಿ ಬರೋಣ ಎಂದು ಕೋಲಾರದ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮಾತು ಎದ್ದಿತ್ತು. ಅಷ್ಟರಲ್ಲಿ ಚಿಕ್ಕಪ್ಪನ ಮಗ ಪುಟ್ಟ ಎಲ್ಲಿಂದಲೋ ಬಂದ ಚಿತ್ರವೊಂದನ್ನು ಹಾಕಿದ. ಕೇಸರಿ ಆಕಾಶ, ಬಂಡೆಯ ಮೇಲೆ ಕೈಚಾಚಿ ನಿಂತ ಹುಡುಗ, ಮೇಲೆ ದಪ್ಪ ಅಕ್ಷರ: ‘ಗೆಳೆಯರನ್ನು ಬೀಳ್ಕೊಡುತ್ತಿದ್ದೀರಾ? ಕೋಲಾರ ಜಿಲ್ಲೆಯ ಏಳು ತಾಣ, ಒಂದೇ ದಿನದಲ್ಲಿ!’ ನಸುಕಿನ ಮೂರಕ್ಕೆ ಸ್ಕಂದಗಿರಿ, ಆರಕ್ಕೆ ನಂದಿಬೆಟ್ಟದಲ್ಲಿ ಸೂರ್ಯೋದಯ, ಎಂಟಕ್ಕೆ ಭೋಗನಂದೀಶ್ವರ, ಒಂಬತ್ತಕ್ಕೆ ಆದಿಯೋಗಿ, ಹನ್ನೆರಡಕ್ಕೆ ಕೋಟಿಲಿಂಗೇಶ್ವರ, ಮೂರಕ್ಕೆ ‘ಚಿನ್ನದ ಗಣಿಯೊಳಗೆ ಇಳಿಯುವ ಸಾಹಸ’, ಸಂಜೆಗೆ ಅಂತರಗಂಗೆ. ಊಟಕ್ಕೆ ಬಿಡುವೇ ಇಲ್ಲ. ಅದರ ಕೆಳಗೆ ನಡೆದ ಜಗಳವನ್ನು, ಶುಭೋದಯದ ಹೂವುಗಳನ್ನು ಕಿತ್ತು ಹಾಕಿ, ಇಲ್ಲಿ ಇಳಿಸಿದ್ದೇನೆ.

ಪುಟ್ಟ: ಅಕ್ಕ, ಇದು ಸರಿಯಾಗಿದೆ. ಈ ಭಾನುವಾರ ಮಾಡಿಬಿಡೋಣ.

ಅಣ್ಣ (ದೊಡ್ಡಪ್ಪನ ಮಗ, ಬೆಂಗಳೂರು): ನನಗೂ ಒಪ್ಪಿಗೆ. ನನ್ನ ಕಾರು ತರುತ್ತೇನೆ. ಏಳು ಜನ ಆರಾಮಾಗಿ ಕೂರಬಹುದು.

ಅಮ್ಮ: ಮೂರು ಗಂಟೆಗೆ ಬೆಟ್ಟದ ಬುಡದಲ್ಲಿರಬೇಕಾದರೆ ಮನೆ ಬಿಡುವುದು ಎಷ್ಟು ಹೊತ್ತಿಗೆ? ಮಲಗುವುದು ಬೇಡವೇ?

ದೊಡ್ಡಪ್ಪ: ಈ ಚಿತ್ರ ಮಾಡಿದ ಮಹಾನುಭಾವರು ಯಾರೋ ಕೋಲಾರವನ್ನು ಕಂಡವರಲ್ಲ. ಒಂದೊಂದಾಗಿ ಹೇಳುತ್ತೇನೆ. ಇದರಲ್ಲಿರುವ ಮೊದಲ ನಾಲ್ಕೂ ಚಿಕ್ಕಬಳ್ಳಾಪುರ ಜಿಲ್ಲೆಯವು. 2007ರಲ್ಲೇ ಆ ಜಿಲ್ಲೆ ನಮ್ಮಿಂದ ಬೇರೆಯಾಯಿತು, ಇವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಸ್ಕಂದಗಿರಿಗೆ ರಾತ್ರಿ ಹೊತ್ತು ಹತ್ತುವಂತಿಲ್ಲ, ಅರಣ್ಯ ಇಲಾಖೆಯವರ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಬೇಕು. ಭಾನುವಾರ ನಸುಕಿನಲ್ಲಿ ನಂದಿಗೆ ಹೋದರೆ ಸೂರ್ಯ ಕಾಣುವುದಿಲ್ಲ, ಬೆಂಗಳೂರಿನಿಂದ ಬಂದ ಕಾರುಗಳ ಹಿಂದಿನ ಕೆಂಪು ದೀಪ ಕಾಣುತ್ತದೆ. ಗಾಂಧೀಜಿ 1927ರಲ್ಲಿ ಆ ಬೆಟ್ಟಕ್ಕೆ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ವಾರಗಟ್ಟಲೆ ಉಳಿದಿದ್ದರು. ನೀವು ಹತ್ತಿ, ನೋಡಿ, ಇಳಿದು, ಎಂಟಕ್ಕೆ ದೇವಸ್ಥಾನದಲ್ಲಿ ಕೈಮುಗಿಯುತ್ತೀರಿ.

ದೊಡ್ಡಪ್ಪ: ಇನ್ನು ಆರನೆಯದು. ಗಣಿಯೊಳಗೆ ಇಳಿಯುವ ಸಾಹಸವಂತೆ. 2001ರ ಫೆಬ್ರುವರಿ 28ಕ್ಕೆ ಮುಚ್ಚಿದ ನಮ್ಮ ಕೆಜಿಎಫ್ ಗಣಿ ಅದು. ಪಂಪುಗಳು ನಿಂತ ಮೇಲೆ ಶಾಫ್ಟುಗಳಲ್ಲಿ ನೀರು ತುಂಬಿದೆ. ಅಲ್ಲಿನ ಚಾಂಪಿಯನ್ ರೀಫ್ ಎಂಬ ಗಣಿ ಮೂರು ಕಿಲೋಮೀಟರಿಗಿಂತ ಆಳ. ಇಳಿಸುವವರು ಯಾರೆಂದು ಆ ಹುಡುಗನನ್ನು ಕೇಳಿ.

(ದೊಡ್ಡಪ್ಪ ಕೊನೆಯ ದಿನದವರೆಗೂ ಗಣಿಯ ಕಾರ್ಯಾಗಾರದಲ್ಲಿದ್ದವರು. ಕೆಜಿಎಫ್ ಸಿನಿಮಾ ಬಂದ ಮೇಲೆ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಮುಂದೆ ಫೋಟೊ ತೆಗೆಸಿಕೊಳ್ಳಲು ಬರುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಆ ಬೂದು ಗುಡ್ಡದ ದೂಳು ಗಾಳಿಗೆ ಎದ್ದಾಗ ಕಿಟಕಿ ಮುಚ್ಚಿಕೊಂಡು ಕೂತವರಿಗೆ ಅದು ಹಿನ್ನೆಲೆಯಾಗಿ ಕಾಣುವುದು ಕಷ್ಟವೇ.)

ಅತ್ತೆ: ಬೇರೆ ಯಾವುದನ್ನಾದರೂ ಬಿಡಿ, ಕೋಟಿಲಿಂಗೇಶ್ವರ ಬಿಡಬೇಡಿ. ಇವಳಿಗೆ ಕೆಲಸ ಸಿಕ್ಕರೆ ಕಮ್ಮಸಂದ್ರಕ್ಕೆ ಕರೆದುಕೊಂಡು ಬರುತ್ತೇನೆಂದು ಹರಸಿಕೊಂಡಿದ್ದೇನೆ. ನಾನು ಪ್ರತಿಷ್ಠೆ ಮಾಡಿಸಿದ ಲಿಂಗವೂ ಅಲ್ಲೇ ಇದೆ.

ಪುಟ್ಟ: ಅತ್ತೆ, ಆ 108 ಅಡಿಯ ದೊಡ್ಡ ಲಿಂಗವಾದರೆ ದೂರದಿಂದಲೇ ಕಾಣುತ್ತದೆ. ನಿಮ್ಮದು ಯಾವ ಸಾಲಿನಲ್ಲಿದೆ ಎಂದು ಹುಡುಕುವುದರೊಳಗೆ ಅಕ್ಕನ ರಜೆ ಮುಗಿಯುತ್ತದೆ.

ಅತ್ತೆ: ನಾಲಿಗೆ ಉದ್ದವಾಗಿದೆ ನಿನಗೆ. ಬೇವಿನ ಮರದ ಎಡಕ್ಕೆ.

ಚಿಕ್ಕಮ್ಮ: ಅಂತರಗಂಗೆಯಂತೂ ಬೇಡ. ಕಳೆದ ಸಲ ನನ್ನ ಕೈಚೀಲವನ್ನೇ ಕೋತಿ ಹೊತ್ತುಕೊಂಡು ಹೋಯಿತು. ಬಸವಣ್ಣನ ಬಾಯಿಂದ ಬೀಳುವ ನೀರು ಎಲ್ಲಿಗೂ ಹೋಗುವುದಿಲ್ಲ, ಮನೆಯಿಂದ ಆಟೊ ಹತ್ತಿದರೆ ಯಾವತ್ತು ಬೇಕಾದರೂ ನೋಡಬಹುದು.

ಅಣ್ಣ: ಎಲ್ಲರೂ ಬೇಡ ಎನ್ನುವುದನ್ನೇ ಹೇಳುತ್ತಿದ್ದೀರಿ. ಏಳು ಆಗದಿದ್ದರೆ ನಾಲ್ಕು ನೋಡೋಣ. ಇವಳು ಹೋದ ಮೇಲೆ ನಾವೆಲ್ಲ ಮತ್ತೆ ಒಟ್ಟಿಗೆ ಸಿಗುವುದು ಯಾರದಾದರೂ ಮದುವೆಗೇ. ಅಲ್ಲಿಯೂ ಒಬ್ಬರು ಬಡಿಸುತ್ತಿರುತ್ತಾರೆ, ಒಬ್ಬರು ಉಡುಗೊರೆ ಬರೆದುಕೊಳ್ಳುತ್ತಿರುತ್ತಾರೆ. ಒಂದು ದಿನ ಸುತ್ತಿದರೆ ಏನು ಗಂಟು ಹೋಗುತ್ತದೆ? ನಾನು ಬೆಂಗಳೂರಿಗೆ ಹೊರಟಾಗ ಇಷ್ಟೂ ಇರಲಿಲ್ಲ. ಅಪ್ಪ ಬಂಗಾರಪೇಟೆ ಸ್ಟೇಷನ್ನಿನ ಮೆಟ್ಟಿಲವರೆಗೆ ಬಂದರು, ‘ಹುಷಾರು’ ಎಂದರು, ಸ್ಕೂಟರ್ ತಿರುಗಿಸಿದರು.

(ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಮ್ಮ ಗುಂಪಿನಲ್ಲಿ ಅದು ದೊಡ್ಡ ಮೌನ.)

ದೊಡ್ಡಪ್ಪ: ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡಿರಲಿಲ್ಲ.

ಅಣ್ಣ: ಅಪ್ಪಾ!

ದೊಡ್ಡಪ್ಪ: ಮಾರಿಕುಪ್ಪಂನಿಂದ ಬರುವ ಬೆಳಗಿನ ಗಾಡಿಯಲ್ಲಿ ಗಣಿ ಕಡೆಯವರು ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಬೆಳಿಗ್ಗೆ ಹೋದವರು ರಾತ್ರಿ ಬರುತ್ತಾರೆ. ನೀನೂ ಹಾಗೇ ಬರುತ್ತೀಯೆಂದುಕೊಂಡಿದ್ದೆ. ರೂಮು ಮಾಡಿಕೊಂಡಿದ್ದೀಯೆಂದು ನಿನ್ನ ತಾಯಿ ಆಮೇಲೆ ಹೇಳಿದಳು.

ಅತ್ತೆ: ನಿಮ್ಮ ಅಜ್ಜಿ ಪಕ್ಕದಲ್ಲೇ ಕೂತು ಇದನ್ನೆಲ್ಲ ಓದಿಸಿಕೊಳ್ಳುತ್ತಿದ್ದಾರೆ. ಅವರು ಹೇಳುವುದನ್ನು ಹಾಗೆಯೇ ಬರೆಯುತ್ತಿದ್ದೇನೆ.

‘ನನ್ನ ಮದುವೆಯಾದ ಮೇಲೆ ಶಿಡ್ಲಘಟ್ಟದಿಂದ ಕೋಲಾರಕ್ಕೆ ಆಗಿನ ಸಣ್ಣ ಗಾಡಿಯಲ್ಲಿ ಬಂದೆ. ನನ್ನ ತಮ್ಮ ಸ್ಟೇಷನ್ನಿನಲ್ಲಿ ಅಳಲಿಲ್ಲ. ಗಾಡಿ ಹೊರಟಾಗ ಹತ್ತಿಬಿಟ್ಟ. ಟಿಕೆಟ್ ಇಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ. ಚಿಂತಾಮಣಿಯವರೆಗೆ ಬಂದು ಅಲ್ಲಿ ಇಳಿದ. ಇಳಿಯುವಾಗ ಜೇಬಿನಿಂದ ಎರಡು ರೇಷ್ಮೆಗೂಡು ತೆಗೆದು ಕೊಟ್ಟ. ಒಣಗಿದ ಗೂಡು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಹುಳು ಲೊಟಲೊಟ ಎನ್ನುತ್ತಿತ್ತು. ಕೋಲಾರ ಬರುವವರೆಗೂ ಅದನ್ನೇ ಅಲ್ಲಾಡಿಸುತ್ತ ಬಂದೆ. ನಿಮ್ಮ ತಾತ ಒಂದು ಮಾತೂ ಆಡಲಿಲ್ಲ, ಪಾಪ. ಹೋಗುವವರ ಜೊತೆ ಒಂದೂರು ದಾಟಿಸಿ ಬರಬೇಕು. ಬೆಟ್ಟ ಹತ್ತಿಸಿದರೆ ಕಾಲು ನೋಯುತ್ತದೆ ಅಷ್ಟೆ.’

ಪುಟ್ಟ: ಅಜ್ಜಿ, ಆ ತಾತ ವಾಪಸು ಹೇಗೆ ಹೋದರು?

ಅತ್ತೆ: ಮುಂದಿನ ಗಾಡಿಯಲ್ಲಿ, ಅದೂ ಟಿಕೆಟ್ ಇಲ್ಲದೆ. ಮನೆಯಲ್ಲಿ ಒದೆ ಬಿದ್ದವಂತೆ.

ನಾನು: ನನ್ನ ಮಾತನ್ನೂ ಕೇಳಿ, ಹೋಗುವವಳು ನಾನೇ ತಾನೆ. ಅಣ್ಣ, ನೀನು ಹೇಳಿದ್ದು ಸರಿ, ಒಟ್ಟಿಗೆ ಹೋಗಲೇಬೇಕು. ಆದರೆ ನಿನ್ನ ಕಾರಿನಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತು. ನೀನು ರಸ್ತೆ ನೋಡುತ್ತಿರುತ್ತೀಯ, ಪುಟ್ಟ ಮುಂದೆ ಕೂತು ಹಾಡು ಬದಲಿಸುತ್ತಿರುತ್ತಾನೆ, ಹಿಂದಿನ ಸಾಲಿನಲ್ಲಿ ಅಜ್ಜಿಗೆ ತಲೆ ಸುತ್ತುತ್ತದೆ. ಪ್ರತಿ ತಾಣದಲ್ಲೂ ಇಳಿದು, ಸಾಲಾಗಿ ನಿಂತು, ಫೋಟೊ ತೆಗೆದು, ‘ಬೇಗ ಬೇಗ’ ಎಂದು ಹತ್ತುತ್ತೇವೆ. ದೊಡ್ಡಪ್ಪ, ನೀವು ಚಿತ್ರದಲ್ಲಿನ ತಪ್ಪು ಎಣಿಸಿದಿರಿ. ಅವೆಲ್ಲ ಸರಿಯಿದ್ದರೂ ನನಗೆ ಅದು ಬೇಡವಾಗಿತ್ತು.

ಓದಿನ ಕಾಲದಲ್ಲೆಲ್ಲ ನಾನು ಬಂಗಾರಪೇಟೆಯ ಕಡೆಯಿಂದಲೇ ಬೆಂಗಳೂರಿಗೆ ಓಡಾಡಿದವಳು. ಅಜ್ಜಿ ಬಂದ ಆ ಹಳಿ ಈಗ ಅಗಲವಾಗಿ, 2013ರಿಂದ ಮತ್ತೆ ರೈಲು ಓಡುತ್ತಿದೆ, ಆದರೆ ನಾನು ಇನ್ನೂ ಅದರಲ್ಲಿ ಕೂತಿಲ್ಲ. ಕೋಲಾರದಲ್ಲಿ ಹತ್ತಿದರೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಆಮೇಲೆ ನಂದಿ ಹಾಲ್ಟ್. ಈಗ ಮಾವಿನ ಕಾಲ, ಶ್ರೀನಿವಾಸಪುರದ ಮಂಡಿಗಳಲ್ಲಿ ತೋತಾಪುರಿಯ ರಾಶಿ ಬಿದ್ದಿರುತ್ತದೆ. ಎದುರುಬದುರು ಕೂತು ಹರಟೆ ಹೊಡೆಯಬಹುದು, ಅಜ್ಜಿ ಕಾಲು ಚಾಚಬಹುದು. ನಂದಿ ಹಾಲ್ಟ್‌ನಲ್ಲಿ ಇಳಿದು ಆಟೊದಲ್ಲಿ ಭೋಗನಂದೀಶ್ವರಕ್ಕೆ ಹೋಗಿ, ಕಲ್ಯಾಣಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ, ಸಂಜೆಗೆ ಹಿಂತಿರುಗೋಣ.

ಪುಟ್ಟ: ರೈಲಿನಲ್ಲಿ ಕೂತು ಬರುವುದರಲ್ಲಿ ಸಾಹಸವೇನಿದೆ ಅಕ್ಕ?

ಅಮ್ಮ: ನಿನ್ನನ್ನು ಕರೆದುಕೊಂಡು ಹೋಗುವುದೇ ಸಾಹಸ.

ಅಣ್ಣ: ಅಲ್ಲಿಯವರೆಗೆ ಹೋಗಿ ಬೆಟ್ಟ ಹತ್ತದೆ ಬರುವುದೇ? ಬುಡದಲ್ಲಿ ಮೊಸರನ್ನ ತಿಂದು ಬಂದೆವೆಂದರೆ ಆಫೀಸಿನಲ್ಲಿ ನಗುತ್ತಾರೆ.

ದೊಡ್ಡಪ್ಪ: ಅಲ್ಲಿ ಅರುಣಾಚಲೇಶ್ವರನೆಂದರೆ ಬಾಲ್ಯ, ಭೋಗನಂದೀಶ್ವರನೆಂದರೆ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರನೆಂದರೆ ವೈರಾಗ್ಯ ಎಂದು ಹೇಳುತ್ತಾರೆ.

ನಾನು: ಹಾಗಾದರೆ ನಾನು ಕೆಳಗೇ ಇರುತ್ತೇನೆ. ಮೊದಲ ಸಂಬಳವೇ ಬಂದಿಲ್ಲ, ಈಗಲೇ ವೈರಾಗ್ಯವೇಕೆ?

ಚಿಕ್ಕಮ್ಮ: ಚಿತ್ರಾನ್ನ ನನ್ನದು. ಅಕ್ಕ, ಮೊಸರನ್ನ ನೀವು ಮಾಡಿ. ಉಪ್ಪಿನಕಾಯಿಯನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಹೋದ ಸಲದಂತೆ ಎಲ್ಲ ಕಲಸಿಹೋಗುವುದು ಬೇಡ.

ಅತ್ತೆ: ನನ್ನ ಹರಕೆ?

ನಾನು: ಅತ್ತೆ, ಸೋಮವಾರ ನೀವೂ ನಾನೂ ಇಬ್ಬರೇ ಬಸ್ಸಿನಲ್ಲಿ ಕಮ್ಮಸಂದ್ರಕ್ಕೆ ಹೋಗಿ ಬರೋಣ. ಬೇವಿನ ಮರದ ಎಡಕ್ಕೆ ತಾನೆ?

ಅತ್ತೆ: ಹೂಂ. ಇವರು ಯಾರೂ ಬರುವುದು ಬೇಡ.

ಪುಟ್ಟ: ನನಗೆ ಪರಿಹಾರವಾಗಿ ಬಂಗಾರಪೇಟೆಯ ಪಾನಿಪುರಿ ಕೊಡಿಸಬೇಕು. ನೋಡಲು ನಲ್ಲಿ ನೀರು, ಕುಡಿದರೆ ಕಣ್ಣಲ್ಲಿ ನೀರು, ಅಂಥದ್ದು.

ಅಣ್ಣ: ನಾನು ಕೊಡಿಸುತ್ತೇನೆ. ಅಪ್ಪಾ, ಭಾನುವಾರ ನೀವೂ ಬರುತ್ತೀರಾ?

ದೊಡ್ಡಪ್ಪ: ಬರುತ್ತೇನೆ. ಇವಳನ್ನು ಪುಣೆಯ ರೈಲಿಗೆ ಹತ್ತಿಸಲೂ ಬರುತ್ತೇನೆ. ಯಶವಂತಪುರದಿಂದ ತುಮಕೂರಿನವರೆಗೆ ನನಗೂ ಒಂದು ಟಿಕೆಟ್ ತೆಗೆಯಿರಿ, ಅಲ್ಲಿ ಇಳಿದು ಬಸ್ಸಿನಲ್ಲಿ ವಾಪಸು ಬರುತ್ತೇನೆ.

ಅಣ್ಣ: ನನಗೆ ಮೆಟ್ಟಿಲವರೆಗೆ, ಇವಳಿಗೆ ತುಮಕೂರಿನವರೆಗೆ!

ದೊಡ್ಡಪ್ಪ: ನೀನೂ ಬಾ. ತುಮಕೂರಿನಲ್ಲಿ ಇಬ್ಬರೂ ತಟ್ಟೆ ಇಡ್ಲಿ ತಿನ್ನೋಣ.

ಅಮ್ಮ: ಅದೆಲ್ಲ ಇರಲಿ. ಆ ಚಿಕ್ಕಬಳ್ಳಾಪುರದ ರೈಲು ಭಾನುವಾರ ಓಡುತ್ತದೆಯೇ ಇಲ್ಲವೇ, ಯಾರಾದರೂ ಸ್ಟೇಷನ್ನಿನಲ್ಲಿ ಕೇಳಿದ್ದೀರಾ?

ದೊಡ್ಡಪ್ಪ: ಈಗಲೇ ಹೋಗಿ ವಿಚಾರಿಸಿ ಬರುತ್ತೇನೆ.

ಅಣ್ಣ: ಅಲ್ಲಿಯವರೆಗೆ ನಾನು ಕಾರಿಗೆ ಗಾಳಿ ಹಿಡಿಸಿಕೊಂಡು ಬರುತ್ತೇನೆ.