ಅಪ್‌ಡೇಟ್: ತಮ್ಮನ ಕುತ್ತಿಗೆಯ ಗಂಟು
ತಮ್ಮನ ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು, ಇಳಿಯುತ್ತಿರುವ ತೂಕ. ಇದು ಕ್ಷಯವೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಗಂಟನ್ನೇ ತೆಗೆಸಿ ಪರೀಕ್ಷೆ ಮಾಡಿಸಿ ಎಂದು ಒತ್ತಾಯಿಸಿದವರಿಗೆ ನಾನು ಋಣಿ. ಹಾಸನದಲ್ಲಿ ಬಯಾಪ್ಸಿ ಆಯಿತು, ರೀಡ್-ಸ್ಟರ್ನ್‌ಬರ್ಗ್ ಎಂಬ ಕ್ಯಾನ್ಸರ್ ಕೋಶಗಳು ಕಂಡವು. ಹಾಡ್ಕಿನ್ಸ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್, ಎರಡನೇ ಹಂತ: ಕುತ್ತಿಗೆ ಮತ್ತು ಎದೆಯಲ್ಲಿ ಮಾತ್ರ, ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪೊರೆ) ಕೆಳಗೆ ಇಲ್ಲ.

ಕ್ಯಾನ್ಸರ್ ಎಂದು ಕೇಳಿದ ಅಮ್ಮ ಕಾಫಿ ಒಣಗಿಸುವ ಕಣದಲ್ಲೇ ಕುಸಿದು ಕುಳಿತರು. ಈ ಹಂತದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ 5 ವರ್ಷ ದಾಟುತ್ತಾರೆ, ಬಹುತೇಕರು ಪೂರ್ತಿ ಗುಣವಾಗುತ್ತಾರೆ ಎಂದು ವೈದ್ಯರು ವಿವರಿಸಿದ ಮೇಲೆಯೇ ಅವರು ಒಂದು ಲೋಟ ನೀರು ಕುಡಿದದ್ದು.

ಎರಡು ವಾರಕ್ಕೊಮ್ಮೆ ಎಬಿವಿಡಿ ಎಂಬ ನಾಲ್ಕು ಔಷಧಿಗಳ ಕೀಮೋ. ನಾಲ್ಕು ಬಾರಿ ಮುಗಿದಿದೆ. ಮೊನ್ನೆಯ ಪೆಟ್ ಸ್ಕ್ಯಾನ್ ವರದಿ ಚೆನ್ನಾಗಿದೆ. ಕೂದಲು ಉದುರಿದೆ, ಬೆವರು ನಿಂತಿದೆ. ನಿನ್ನೆ ರಾತ್ರಿ ತಾನೇ ಕೇಳಿ ಎರಡು ಅಕ್ಕಿರೊಟ್ಟಿ ತಿಂದ.