ಓದುಗರ ಸ್ಪಂದನ: ಕಾಲಿಡದ ಊರನ್ನು ಕೆಲಸಕ್ಕಾಗಿ ಆರಿಸಿಕೊಳ್ಳುವುದು ಹೇಗೆ?

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ತಮ್ಮ ಇಕ್ಕಟ್ಟನ್ನು ಬರೆದುಕೊಂಡಿದ್ದರು. ಒಂಬತ್ತು ವರ್ಷಗಳಿಂದ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವರಿಗೆ ಬರ್ಲಿನ್‌ನ ಒಂದು ಸ್ಟಾರ್ಟ್‌ಅಪ್‌ನಿಂದಲೂ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿರುವ ಒಂದು ಕಂಪನಿಯಿಂದಲೂ ಕರೆ ಬಂದಿದೆ. ಪತಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕರು. ಮಗಳಿಗೆ ಆರು ವರ್ಷ. ಎರಡೂ ಊರುಗಳನ್ನು ಅವರು ಕಂಡವರಲ್ಲ, ಉತ್ತರ ಕೊಡಲು ಉಳಿದಿರುವುದು ಮೂರೇ ವಾರ. ನೆದರ್ಲೆಂಡ್ಸ್‌ನಲ್ಲಿ ತೆರಿಗೆ ವಿನಾಯಿತಿಯೂ ಸಿಗುತ್ತದಂತೆ ಎಂದು ಬರೆದಿದ್ದರು. ಸಂಬಳವನ್ನು ಹೋಲಿಸುವುದರ ಆಚೆಗೆ ಏನನ್ನು ವಿಚಾರಿಸಬೇಕೆಂಬುದೇ ತಮಗೆ ತೋಚುತ್ತಿಲ್ಲ ಎಂದು ಅವರು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಸೋದರಿ,

ನಿಮ್ಮ ಪತ್ರ ಓದುವಾಗ ಏಳು ವರ್ಷಗಳ ಹಿಂದಿನ ನನ್ನ ಪರದಾಟವೇ ಕಣ್ಣ ಮುಂದೆ ಬಂದಿತು. ಸಿಗಲಿರುವ ಕೆಲಸ ಎಂಥದ್ದು ಎಂದು ನಾನು ತಿಂಗಳುಗಟ್ಟಲೆ ವಿಚಾರಿಸಿದ್ದೆ. ಆ ಕೆಲಸ ಕೈತಪ್ಪಿದರೆ ಅದೇ ಊರಿನಲ್ಲಿ ಇನ್ನೊಂದು ಸಿಕ್ಕೀತೇ ಎಂದು ಒಂದು ದಿನವೂ ವಿಚಾರಿಸಿರಲಿಲ್ಲ. ಬರ್ಲಿನ್‌ಗೆ ಬಂದ ಐದನೆಯ ತಿಂಗಳಲ್ಲಿ, ನಿರೀಕ್ಷಿಸಿದ್ದ ಹೂಡಿಕೆ ಬಾರದ ಕಾರಣ, ಕಂಪನಿಯವರು ನಮ್ಮ ತಂಡವನ್ನು ಪೂರ್ತಿಯಾಗಿ ಕೈಬಿಟ್ಟರು. ಜರ್ಮನಿಯಲ್ಲಿ ಪ್ರೊಬೇಷನ್ ಸಾಮಾನ್ಯವಾಗಿ 6 ತಿಂಗಳು ಇರುತ್ತದೆ. ಆ ಅವಧಿಯಲ್ಲಿ ಕೆಲಸದಿಂದ ತೆಗೆಯಲು 2 ವಾರಗಳ ನೋಟಿಸ್ ಸಾಕು. ಬಾಡಿಗೆ ಮನೆ ಬಿಡಬೇಕೆಂದರೆ ಮಾತ್ರ ನಾನು 3 ತಿಂಗಳು ಮೊದಲೇ ತಿಳಿಸಬೇಕಿತ್ತು. ಈ ಎರಡು ಅವಧಿಗಳನ್ನು ಮೊದಲೇ ಅಕ್ಕಪಕ್ಕ ಇಟ್ಟು ನೋಡಿದ್ದರೆ ಇನ್ನಷ್ಟು ಉಳಿತಾಯ ಮಾಡಿಕೊಂಡೇ ವಿಮಾನ ಹತ್ತುತ್ತಿದ್ದೆ.

ಆಗ ನನ್ನನ್ನು ಕಾಪಾಡಿದ್ದು ಊರಿನ ಹರವು. ಝಲಾಂಡೋ, ಡೆಲಿವರಿ ಹೀರೋ, ಎನ್26ನಂಥ ಕಂಪನಿಗಳು ಇದೇ ಊರಿನಲ್ಲಿ ಬೆಳೆದವು; ಅವುಗಳ ಸುತ್ತ ಇಂಗ್ಲಿಷ್‌ನಲ್ಲೇ ಕೆಲಸ ನಡೆಸುವ ಸಣ್ಣಪುಟ್ಟ ಕಂಪನಿಗಳು ಅನೇಕವಿವೆ. ಏಳು ವಾರಗಳಲ್ಲಿ ನನಗೆ ಬೇರೆ ಕೆಲಸ ಸಿಕ್ಕಿತು. ಆದ್ದರಿಂದ ನೀವು ಮೊದಲು ಎಣಿಸಬೇಕಾದುದು ಇಂಥ ಕಂಪನಿಗಳನ್ನು. ಯುರೋಪಿಯನ್ ಒಕ್ಕೂಟದ ಬ್ಲೂ ಕಾರ್ಡ್, ಅಂದರೆ ಹೊರದೇಶದ ನುರಿತ ನೌಕರರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿಯ ನಿಯಮದಂತೆ, ಕಾರ್ಡ್ ಪಡೆದು 2 ವರ್ಷ ತುಂಬದವರಿಗೆ ಕೆಲಸ ಹೋದರೆ ಹೊಸದನ್ನು ಹುಡುಕಲು ಸಿಗುವ ಕಾಲಾವಕಾಶ 3 ತಿಂಗಳು, 2 ವರ್ಷ ದಾಟಿದವರಿಗೆ 6 ತಿಂಗಳು. ಈ 3 ತಿಂಗಳುಗಳನ್ನೇ ಅಳತೆಗೋಲಾಗಿಟ್ಟುಕೊಂಡು, ನಿಮ್ಮ ಅನುಭವಕ್ಕೆ ಹೊಂದುವ ಜಾಹೀರಾತುಗಳನ್ನು ಎರಡೂ ಊರುಗಳಿಗಾಗಿ ಹತ್ತು ದಿನ ಹುಡುಕಿ. ಒಂದೇ ಕಂಪನಿ ಇಪ್ಪತ್ತು ಜಾಹೀರಾತು ಹಾಕಿದ್ದರೂ ಅದನ್ನು ಒಂದೆಂದೇ ಲೆಕ್ಕ ಹಿಡಿಯಿರಿ. ಜರ್ಮನ್ ಅಥವಾ ಡಚ್ ಭಾಷೆ ಕಡ್ಡಾಯವೆಂದವರನ್ನೂ ವೀಸಾಕ್ಕೆ ನೆರವಾಗದವರನ್ನೂ ಪಟ್ಟಿಯಿಂದ ತೆಗೆದುಹಾಕಿ. ಕೊನೆಗೆ ಉಳಿಯುವ ಹೆಸರುಗಳು ಆರೋ ಅರವತ್ತೋ ಎಂಬುದು ನಿಮ್ಮ ತೀರ್ಮಾನವನ್ನು ಸಂಬಳದ ವ್ಯತ್ಯಾಸಕ್ಕಿಂತ ಹೆಚ್ಚಾಗಿ ಪ್ರಭಾವಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮನ್ನು ಕರೆದಿರುವ ಸ್ಟಾರ್ಟ್‌ಅಪ್‌ನ ಆರೋಗ್ಯವನ್ನೂ ಕುಳಿತಲ್ಲಿಂದಲೇ ನೋಡಬಹುದು. ಜರ್ಮನಿಯ ವಾಣಿಜ್ಯ ನೋಂದಣಿ ಪುಸ್ತಕ, ಅಂದರೆ ಹಾಂಡೆಲ್ಸ್‌ರೆಗಿಸ್ಟರ್, 2022ರ ಆಗಸ್ಟ್‌ನಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಕಂಪನಿಗಳು ಸಲ್ಲಿಸಬೇಕಾದ ವಾರ್ಷಿಕ ಲೆಕ್ಕಪತ್ರಗಳನ್ನು ಉಂಟರ್ನೇಮೆನ್ಸ್‌ರೆಗಿಸ್ಟರ್ ಎಂಬ ಇನ್ನೊಂದು ದಾಖಲೆಯಲ್ಲಿ ಓದಬಹುದು. ಅಲ್ಲಿರುವ ಲೆಕ್ಕ ಹಳೆಯದಾಗಿರುತ್ತದೆ ಎಂಬುದು ನೆನಪಿರಲಿ. ಹಾಗಾಗಿ ಈಗ ಕೈಯಲ್ಲಿರುವ ಬಂಡವಾಳ ಎಷ್ಟು ತಿಂಗಳಿಗೆ ಸಾಕಾಗುತ್ತದೆ ಎಂದು ಸಂದರ್ಶನ ಮಾಡಿದವರನ್ನೇ ನೇರವಾಗಿ ಕೇಳಿ. ಈ ಪ್ರಶ್ನೆಗೆ ಮುಖ ಸಿಂಡರಿಸುವ ಕಂಪನಿಯನ್ನು ನಂಬಿ ಮಗುವಿನೊಂದಿಗೆ ದೇಶ ಬಿಡಬೇಡಿ.

ಇನ್ನು ಮನೆಯ ವಿಷಯ. ಬರ್ಲಿನ್‌ನಲ್ಲಿ ಎಲ್ಲ ಕಾಗದಪತ್ರಗಳ ಬೇರು ಮನೆಯ ವಿಳಾಸದಲ್ಲಿದೆ. ಮನೆ ಹೊಕ್ಕ 2 ವಾರಗಳೊಳಗೆ ವಾಸದ ನೋಂದಣಿ ಮಾಡಿಸಬೇಕು. ಅದನ್ನು ಇಲ್ಲಿ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಅದಕ್ಕೆ ಮನೆಯ ಮಾಲೀಕರು ಸಹಿ ಮಾಡಿದ ಪತ್ರ ಬೇಕು. ನೋಂದಣಿಯಾದ ಮೇಲೆ ತೆರಿಗೆಯ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಮಗುವಿನ ಶಾಲೆಯೂ ಅದೇ ವಿಳಾಸವನ್ನು ಹಿಡಿದು ನಿಗದಿಯಾಗುತ್ತದೆ. ತಾತ್ಕಾಲಿಕ ಮನೆ ಕೊಡುವ ಎಷ್ಟೋ ಜನರು ಆ ಪತ್ರಕ್ಕೆ ಸಹಿ ಹಾಕಲು ಒಪ್ಪುವುದಿಲ್ಲ. ಬಾಡಿಗೆ ಎಷ್ಟು ಎಂದು ಕೇಳುವುದಕ್ಕೂ ಮೊದಲು ಈ ವಿಳಾಸದಲ್ಲಿ ನೋಂದಣಿ ಮಾಡಿಸಬಹುದೇ ಎಂದು ಕೇಳಿ. ಬಾಡಿಗೆಯಲ್ಲೂ ಎರಡು ಬಗೆ: ಕಾಲ್ಟ್‌ಮೀಟೆ ಎಂದರೆ ಬರಿಯ ಬಾಡಿಗೆ, ವಾರ್ಮ್‌ಮೀಟೆ ಎಂದರೆ ನಿರ್ವಹಣೆಯ ಖರ್ಚನ್ನೂ ಸಾಮಾನ್ಯವಾಗಿ ಹೀಟಿಂಗ್ ವೆಚ್ಚವನ್ನೂ ಸೇರಿಸಿದ ಮೊತ್ತ. ಮುಂಗಡ ಠೇವಣಿ 3 ತಿಂಗಳ ಬರಿಯ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನು ಮೂರು ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ. ಅಡುಗೆಮನೆಯಲ್ಲಿ ಒಲೆ, ಕಪಾಟು ಯಾವುದೂ ಇಲ್ಲದ ಮನೆಗಳು ಇಲ್ಲಿ ಸಾಮಾನ್ಯ. ಹಿಂದಿನವರು ತಮ್ಮದನ್ನು ಬಿಚ್ಚಿಕೊಂಡು ಹೋಗಿರುತ್ತಾರೆ. ನೋಂದಣಿ ಮಾಡಿಸಬಹುದಾದ ಮನೆಯೊಂದನ್ನು ಮೊದಲ ಮೂರು ತಿಂಗಳಿಗೆ ಕಂಪನಿಯೇ ಒದಗಿಸಲಿ ಎಂದು ಕೇಳಿಕೊಳ್ಳಿ. ಅದರ ಬದಲು ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗಿ ಬಂದರೂ ಬಿಟ್ಟುಕೊಡಿ.

— ಸಾಫ್ಟ್‌ವೇರ್ ಎಂಜಿನಿಯರ್, ಬರ್ಲಿನ್

ಮಾನ್ಯರೇ,

ಐಂಡ್‌ಹೋವನ್‌ನಲ್ಲಿ ಐದು ವರ್ಷಗಳಿಂದ ಇದ್ದೇನೆ; ಈ ಊರಿನ ಬಗ್ಗೆ ನನಗೆ ಪ್ರೀತಿಯಿದೆ. ಆದರೂ ನೀವು ಯಾವ ಬಗೆಯ ಸಾಫ್ಟ್‌ವೇರ್ ಬರೆಯುತ್ತೀರಿ ಎಂದು ತಿಳಿಯದೆ ಬನ್ನಿ ಎನ್ನಲಾರೆ. ಫಿಲಿಪ್ಸ್ ಕಂಪನಿ 1891ರಲ್ಲಿ ಹುಟ್ಟಿದ್ದು ಇಲ್ಲಿ. ಚಿಪ್ ತಯಾರಿಕೆಯ ಯಂತ್ರಗಳನ್ನು ಮಾಡುವ ಎಎಸ್‌ಎಂಎಲ್ ಪಕ್ಕದ ವೆಲ್ಡ್‌ಹೋವನ್‌ನಲ್ಲಿದೆ, ಚಿಪ್ ಕಂಪನಿಯಾದ ಎನ್‌ಎಕ್ಸ್‌ಪಿಯ ಕೇಂದ್ರ ಕಚೇರಿಯೂ ಈ ಊರಿನಲ್ಲೇ ಇದೆ. ಯಂತ್ರ ನಿಯಂತ್ರಣ, ಉಪಕರಣಗಳೊಳಗೇ ಕೂರುವ ಎಂಬೆಡೆಡ್ ಸಾಫ್ಟ್‌ವೇರ್, ಬಿಂಬ ಸಂಸ್ಕರಣೆ ಇಂಥವು ನಿಮ್ಮ ಕೆಲಸವಾಗಿದ್ದರೆ ಸುತ್ತಲಿನ ಪೂರೈಕೆದಾರ ಕಂಪನಿಗಳೂ ಸೇರಿ ಇಲ್ಲಿ ಅವಕಾಶದ ಆಳ ಬಹಳ. ವೆಬ್, ಹಣ ಪಾವತಿ ವ್ಯವಸ್ಥೆ, ಆನ್‌ಲೈನ್ ವ್ಯಾಪಾರ ಇವು ನಿಮ್ಮ ಕ್ಷೇತ್ರವಾಗಿದ್ದರೆ ನಿಮ್ಮ ಎರಡನೆಯ ಕೆಲಸ ಹೆಚ್ಚಾಗಿ ಸಿಗುವುದು ಆಮ್‌ಸ್ಟರ್‌ಡಾಮ್ ಅಥವಾ ಉಟ್ರೆಕ್ಟ್‌ನಲ್ಲಿ. ರೈಲಿನಲ್ಲಿ ಆಮ್‌ಸ್ಟರ್‌ಡಾಮ್ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷದ ದಾರಿ, ಉಟ್ರೆಕ್ಟ್ ಇನ್ನೂ ಹತ್ತಿರ. ವಾರದಲ್ಲಿ ಎರಡು ದಿನ ಹೋಗಿಬರಲು ಇದು ಸಾಧ್ಯ. ಐದು ದಿನವೂ ಆದರೆ ಮನೆಯಲ್ಲಿ ಮಗುವಿರುವವರಿಗೆ ಕಷ್ಟ.

ಇಂದೇ ಮಾಡಬಹುದಾದ ಕೆಲಸವೊಂದಿದೆ. ವಿದೇಶದಿಂದ ನುರಿತ ನೌಕರರನ್ನು ಕರೆಸಿಕೊಳ್ಳಲು ಡಚ್ ವಲಸೆ ಇಲಾಖೆಯಾದ ಐಎನ್‌ಡಿಯ ಮಾನ್ಯತೆ ಪಡೆದಿರುವ ಕಂಪನಿಗಳ ಪಟ್ಟಿ ಸಾರ್ವಜನಿಕವಾಗಿದೆ. ನಿಮ್ಮನ್ನು ಕರೆದಿರುವವರ ಹೆಸರು ಅದರಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಮೊದಲು ವಿವರಣೆ ಕೇಳಿ. ಇಲ್ಲಿಯೂ ಕೆಲಸ ಹೋದರೆ ಹೊಸದನ್ನು ಹುಡುಕಲು ಹೆಚ್ಚೆಂದರೆ 3 ತಿಂಗಳು ಸಿಗುತ್ತದೆ, ಆ ಅವಧಿಯಲ್ಲಿ ನೋಡಬೇಕಾದುದೂ ಇದೇ ಪಟ್ಟಿಯನ್ನು. ಒಪ್ಪಂದ ಕಾಯಂ ಆದದ್ದೋ ಒಂದು ವರ್ಷದ್ದೋ ಎಂಬುದನ್ನೂ ಗಮನಿಸಿ. ಮೊದಲಿಗೆ ಒಂದು ವರ್ಷದ ಒಪ್ಪಂದ ಕೊಡುವುದು ಇಲ್ಲಿ ಅಪರೂಪವಲ್ಲ.

ನೀವು ಬರೆದ ತೆರಿಗೆ ವಿನಾಯಿತಿ ನಿಜ. ವಿದೇಶದಿಂದ ನೇಮಕಗೊಂಡು ಬಂದವರಿಗೆ, ಷರತ್ತುಗಳು ಪೂರೈಸಿದರೆ, ಸಂಬಳದ ಶೇ. 30ರವರೆಗಿನ ಭಾಗವನ್ನು ತೆರಿಗೆಯಿಲ್ಲದೆ ಕೊಡಲು ಅವಕಾಶವಿದೆ. ಆದರೆ 2027ರಿಂದ ಅದು ಶೇ. 27ಕ್ಕೆ ಇಳಿಯುತ್ತದೆ, ಹೆಚ್ಚೆಂದರೆ 5 ವರ್ಷ ಮಾತ್ರ ಸಿಗುತ್ತದೆ. ಕೆಲಸಕ್ಕೆ ಸೇರಿದ 4 ತಿಂಗಳೊಳಗೆ ಅರ್ಜಿ ಸಲ್ಲಿಸಿದರೆ ಮೊದಲ ದಿನದಿಂದಲೇ ಅನ್ವಯವಾಗುತ್ತದೆ. ಆರನೆಯ ವರ್ಷದಲ್ಲಿ ಕೈಗೆ ಬರುವ ಸಂಬಳದಿಂದಲೂ ಅದೇ ಮನೆಯ ಬಾಡಿಗೆ ಕಟ್ಟಲಾಗುವುದೇ ಎಂದು ಈಗಲೇ ಲೆಕ್ಕ ಹಾಕಿ.

ಮನೆಯ ಬಗ್ಗೆ ಎರಡು ಮಾತು. ಇಲ್ಲಿನ ಜಾಹೀರಾತಿನಲ್ಲಿ ಕಾಲ್ ಎಂಬ ಪದವಿದ್ದರೆ ಆ ಮನೆ ಅಕ್ಷರಶಃ ಬೋಳು. ಅನೇಕ ವೇಳೆ ನೆಲಹಾಸೂ ಇರುವುದಿಲ್ಲ. ಮನೆಯನ್ನು ನೋಡುವ ಮೊದಲೇ ಹಣ ಕಳಿಸಿ, ಬೀಗದ ಕೈ ಅಂಚೆಯಲ್ಲಿ ಬರುತ್ತದೆ ಎನ್ನುವವರಿಗೆ ಒಂದು ಯೂರೋ ಕೂಡ ಕಳಿಸಬೇಡಿ. ನನ್ನ ಸಹೋದ್ಯೋಗಿಯೊಬ್ಬರು ಹಾಗೆ ಎರಡು ತಿಂಗಳ ಬಾಡಿಗೆ ಕಳೆದುಕೊಂಡು, ಚಿಕ್ಕ ಮಗುವಿನೊಂದಿಗೆ ಹೋಟೆಲಿನಲ್ಲಿ ಮೂರು ವಾರ ಕಳೆದದ್ದನ್ನು ಕಣ್ಣಾರೆ ಕಂಡಿದ್ದೇನೆ.

— ಚಿಪ್ ಉದ್ಯಮದ ಉದ್ಯೋಗಿ, ಐಂಡ್‌ಹೋವನ್

ಸೋದರಿಗೆ ನಮಸ್ಕಾರ.

ನಾನು ತಂತ್ರಜ್ಞಾನದವನಲ್ಲ. ಪತ್ನಿಯ ಕೆಲಸಕ್ಕಾಗಿ ಬರ್ಲಿನ್‌ಗೆ ಬಂದ ಶಿಕ್ಷಕ. ನಿಮ್ಮ ಪತ್ರದಲ್ಲಿ ಪತಿಯ ಬಗ್ಗೆ ಇದ್ದದ್ದು ಒಂದೇ ವಾಕ್ಯ. ನಾವು ಹೊರಡುವಾಗಲೂ ನನ್ನ ಬಗ್ಗೆ ನಡೆದ ವಿಚಾರಣೆ ಅಷ್ಟೇ ಇತ್ತು. ತಪ್ಪು ನನ್ನ ಪತ್ನಿಯದಲ್ಲ. ಬ್ಲೂ ಕಾರ್ಡ್ ಇರುವವರ ಸಂಗಾತಿ ಮೊದಲ ದಿನದಿಂದಲೇ ದುಡಿಯಬಹುದು, ಬರುವ ಮುನ್ನ ಜರ್ಮನ್ ಭಾಷೆಯ ಪರೀಕ್ಷೆಯನ್ನೂ ಪಾಸು ಮಾಡಬೇಕಾಗಿಲ್ಲ ಎಂದು ಓದಿ ನಾನೇ ನಿಶ್ಚಿಂತನಾಗಿದ್ದೆ. ನೆದರ್ಲೆಂಡ್ಸ್‌ನಲ್ಲೂ ನುರಿತ ವಲಸಿಗರ ಸಂಗಾತಿಗೆ ದುಡಿಯುವ ಅನುಮತಿ ಇದೆ. ದುಡಿಯಲು ಅನುಮತಿ ಇರುವುದಕ್ಕೂ ನಮ್ಮ ವೃತ್ತಿಯನ್ನು ಮುಂದುವರಿಸಲು ಸಾಧ್ಯವಾಗುವುದಕ್ಕೂ ಎಷ್ಟು ಅಂತರವಿದೆ ಎಂಬುದು ಬಂದ ಮೇಲೆ ತಿಳಿಯಿತು. ಜರ್ಮನಿಯಲ್ಲಿ ಶಾಲಾ ಶಿಕ್ಷಕ ವೃತ್ತಿ ಸರ್ಕಾರದ ನಿಯಂತ್ರಣದಲ್ಲಿದೆ. ನಮ್ಮ ಪದವಿಗೆ ಆಯಾ ರಾಜ್ಯದ ಮಾನ್ಯತೆ ಬೇಕು, ತರಗತಿಯಲ್ಲಿ ಪಾಠ ಹೇಳುವಷ್ಟು ಉನ್ನತ ಮಟ್ಟದ ಜರ್ಮನ್ ಬೇಕು, ಸಾಮಾನ್ಯವಾಗಿ ಎರಡು ವಿಷಯಗಳನ್ನು ಬೋಧಿಸುವ ಅರ್ಹತೆಯನ್ನೂ ಕೇಳುತ್ತಾರೆ. ನಾನು ಓದಿದ್ದು ಒಂದೇ ವಿಷಯ. ಮತ್ತೆ ಕಪ್ಪುಹಲಗೆಯ ಮುಂದೆ ನಿಲ್ಲಲು ನನಗೆ ಎರಡೂವರೆ ವರ್ಷ ಹಿಡಿಯಿತು, ಅದೂ ಇಂಗ್ಲಿಷ್ ಮಾಧ್ಯಮದ ಅಂತರರಾಷ್ಟ್ರೀಯ ಶಾಲೆಯೊಂದರಲ್ಲಿ.

ಆ ಎರಡೂವರೆ ವರ್ಷಗಳಲ್ಲಿ ಮೊದಲ ಚಳಿಗಾಲವನ್ನು ನಾನು ಮರೆಯಲಾರೆ. ಡಿಸೆಂಬರ್‌ನಲ್ಲಿ ಬರ್ಲಿನ್‌ನ ಹಗಲು 8 ಗಂಟೆಗೂ ಕಡಿಮೆ. ಪತ್ನಿ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದಳು. ಅವಳಿಗೆ ಕಚೇರಿಯಲ್ಲಿ ಮಾತನಾಡಲು ಜನರಿದ್ದರು, ಮಗನಿಗೆ ಶಾಲೆಯಿತ್ತು. ಇಡೀ ದಿನ ನಾನು ಆಡುತ್ತಿದ್ದ ಮಾತು ಅಂಗಡಿಯಲ್ಲಿ ಹೇಳುವ ಧನ್ಯವಾದವಷ್ಟೇ. ನನ್ನನ್ನು ಮನುಷ್ಯರ ನಡುವೆ ತಂದದ್ದು ಭಾಷಾ ತರಗತಿ. ಹೊರಡುವ ಆರು ತಿಂಗಳ ಮೊದಲೇ ಅದನ್ನು ಶುರುಮಾಡಿದ್ದರೆ ಎಷ್ಟು ದಿನಗಳು ಉಳಿಯುತ್ತಿದ್ದವೋ ಎಂದು ಈಗಲೂ ಅನ್ನಿಸುತ್ತದೆ.

ಆದ್ದರಿಂದ ಈ ಮೂರು ವಾರಗಳಲ್ಲಿ ಅರ್ಧ ಭಾಗವನ್ನು ನಿಮ್ಮ ಯಜಮಾನರಿಗೆ ಬಿಟ್ಟುಕೊಡಿ. ಎರಡೂ ಊರುಗಳಲ್ಲಿ ಗಣಿತ ಶಿಕ್ಷಕರನ್ನು ತೆಗೆದುಕೊಳ್ಳುವ ಅಂತರರಾಷ್ಟ್ರೀಯ ಶಾಲೆಗಳು ಎಷ್ಟಿವೆ, ತಮ್ಮ ಪದವಿಯ ಮಾನ್ಯತೆಗೆ ಏನು ಬೇಕು ಎಂದು ಅವರೇ ಬರೆದು ವಿಚಾರಿಸಲಿ. ಎರಡು ವರ್ಷ ತರಗತಿಯಿಂದ ದೂರವಿರಬೇಕಾದರೆ ಅದಕ್ಕೆ ಒಪ್ಪಿಗೆ ಇದೆಯೇ ಇಲ್ಲವೇ ಎಂಬುದನ್ನು ಬಾಯಿಬಿಟ್ಟು ಹೇಳಲಿ. ಮಗಳ ವಿಷಯದಲ್ಲಿ ನನಗೆ ಅಷ್ಟು ಚಿಂತೆಯಿಲ್ಲ. ಆರನೆಯ ವಯಸ್ಸಿನಲ್ಲಿ ಎರಡೂ ದೇಶಗಳಲ್ಲಿ ಶಾಲೆ ಕಡ್ಡಾಯ. ಬರ್ಲಿನ್‌ನಲ್ಲಿ ಪ್ರಾಥಮಿಕ ಶಾಲೆ 6 ವರ್ಷ ನಡೆಯುತ್ತದೆ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ 4 ವರ್ಷಕ್ಕೇ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ವಿಂಗಡಿಸುತ್ತಾರಾದ್ದರಿಂದ, ತಡವಾಗಿ ಭಾಷೆ ಕಲಿಯುವ ಮಗುವಿಗೆ ಇದೊಂದು ಅನುಕೂಲ. ನನ್ನ ಮಗ ನಾಲ್ಕು ತಿಂಗಳು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ, ಐದನೆಯ ತಿಂಗಳಲ್ಲಿ ನನ್ನ ಜರ್ಮನ್ ಉಚ್ಚಾರಣೆಯನ್ನು ತಿದ್ದತೊಡಗಿದ.

— ಶಿಕ್ಷಕ, ಬರ್ಲಿನ್

ಮಾನ್ಯರೇ,

ವೇತನ ಲೆಕ್ಕದ ವಿಭಾಗದಲ್ಲಿ ದುಡಿಯುವವಳಾಗಿ ಒಂದೇ ವಿಷಯವನ್ನು ಸೇರಿಸುತ್ತೇನೆ. ನೀವು ಹೋಲಿಸಿರುವುದು ಕಡಿತಕ್ಕೆ ಮೊದಲಿನ ಮೊತ್ತಗಳನ್ನು. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆಯಲ್ಲಿ ದುಡಿಮೆಯಿಲ್ಲದ ಸಂಗಾತಿಗೂ ಮಗುವಿಗೂ ಬೇರೆ ಕಂತಿಲ್ಲ; ನೆದರ್ಲೆಂಡ್ಸ್‌ನಲ್ಲಿ ಪ್ರತಿ ವಯಸ್ಕರೂ ತಮ್ಮ ಕಂತು ಕಟ್ಟಬೇಕು, 18 ವರ್ಷದೊಳಗಿನವರಿಗೆ ಮಾತ್ರ ಉಚಿತ, ವರ್ಷದ ಚಿಕಿತ್ಸಾ ವೆಚ್ಚದಲ್ಲಿ ಮೊದಲ 385 ಯೂರೋ ಕೈಯಿಂದ ಹೋಗುತ್ತದೆ. ಡಚ್ ಕಂಪನಿ ಹೇಳಿರುವ ವಾರ್ಷಿಕ ಮೊತ್ತದಲ್ಲಿ ಶೇ. 8ರ ರಜಾ ಭತ್ಯೆ ಸೇರಿದೆಯೇ ಎಂದು ಲಿಖಿತವಾಗಿ ಕೇಳಿ. ಜರ್ಮನಿಯಲ್ಲಿ ದಂಪತಿಗಳ ತೆರಿಗೆ ವರ್ಗ ಬದಲಾದರೆ ಪ್ರತಿ ತಿಂಗಳು ಕೈಗೆ ಬರುವ ಹಣವೂ ಗಣನೀಯವಾಗಿ ಬದಲಾಗುತ್ತದೆ. ಎರಡೂ ಕಂಪನಿಗಳಿಂದ ನಿಮ್ಮ ಕುಟುಂಬದ ಸ್ಥಿತಿಗೆ ಹೊಂದಿಸಿದ ಮಾದರಿ ವೇತನ ಚೀಟಿಯನ್ನೇ ತರಿಸಿಕೊಂಡು ಅದರ ಮೇಲೆ ಹೋಲಿಸಿ.

— ಓದುಗರು, ಮ್ಯೂನಿಕ್

ಸೋದರಿ,

ಎಲ್ಲಕ್ಕೂ ಮೊದಲು ಗಡುವನ್ನು ಮುಂದೂಡಿಸಿಕೊಳ್ಳಿ. ಊರನ್ನು ಒಮ್ಮೆ ನೋಡಿ ಬರಬೇಕೆಂದರೆ, ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಅಲ್ಪಾವಧಿ ಭೇಟಿಯ ವೀಸಾ) ಬೇಕಾದವರಿಗೆ ಅರ್ಜಿಯ ತೀರ್ಮಾನಕ್ಕೇ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ; ನಿಮ್ಮ ಮೂರು ವಾರ ಅಲ್ಲಿಗೇ ಮುಗಿಯುತ್ತದೆ. ಹೋದರೆ ಪ್ರವಾಸಿಗರು ನೋಡುವ ಜಾಗಗಳನ್ನು ಬಿಡಿ. ಬಾಡಿಗೆ ಕೈಗೆಟುಕುವ ಬಡಾವಣೆಯೊಂದರಲ್ಲಿ ತಂಗಿ, ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿಂದ ಶಾಲೆಯೊಂದರ ಬಾಗಿಲಿಗೂ ಶಾಲೆಯಿಂದ ಕಚೇರಿಗೂ ಹೋಗಿ ನೋಡಿ. ಬರ್ಲಿನ್‌ನಲ್ಲಿ ಊರಿನ ಒಳಭಾಗವನ್ನು ಸುತ್ತುವರಿಯುವ 37 ಕಿ.ಮೀ. ಉದ್ದದ ರಿಂಗ್‌ಬಾನ್ ರೈಲು ಒಂದು ಸುತ್ತಿಗೆ ಒಂದು ಗಂಟೆ ತೆಗೆದುಕೊಳ್ಳುತ್ತದೆ. ಅದರಲ್ಲಿ ಒಮ್ಮೆ ಪೂರ್ತಿ ಸುತ್ತಿದರೆ ನಕ್ಷೆಯಲ್ಲಿ ಕಾಣದ ದೂರಗಳು ಅರ್ಥವಾಗುತ್ತವೆ. ಹೋಗಲಾಗದಿದ್ದರೆ ನಿಮ್ಮ ತಂಡದಲ್ಲಿ ಕೆಲಸ ಮಾಡುವ, ಕುಟುಂಬದೊಂದಿಗೆ ವಿದೇಶದಿಂದ ಬಂದ ಒಬ್ಬರೊಡನೆ ಅರ್ಧ ಗಂಟೆ ಮಾತನಾಡಿಸಿ ಎಂದು ಕಂಪನಿಯನ್ನು ಕೇಳಿ.

ಸಂಕೋಚ ಬೇಡ. ನಾನು ಕೇಳಿದಾಗ ಕಂಪನಿಯವರು ಎರಡು ವಾರ ಹೆಚ್ಚಿಗೆ ಕೊಟ್ಟರು, ವೀಸಾಕ್ಕೆ ಆಹ್ವಾನ ಪತ್ರ ಬರೆದರು, ನನ್ನ ಪತಿಯ ಟಿಕೆಟ್ಟನ್ನೂ ಅವರೇ ಕಾಯ್ದಿರಿಸಿದರು.

— ಡೇಟಾ ಎಂಜಿನಿಯರ್, ಉಟ್ರೆಕ್ಟ್