ಪದಚರ್ಚೆ: ಸ್ಟಿಫ್ನರ್, ಫೈನೈಟ್ ಎಲಿಮೆಂಟ್, ಬಕ್ಲಿಂಗ್

ಮಾನ್ಯರೇ,

ಉಕ್ಕಿನ ಸೇತುವೆ, ಹಡಗಿನ ಒಡಲು, ವಿಮಾನದ ರೆಕ್ಕೆ ಇವುಗಳಲ್ಲೆಲ್ಲ ತೆಳುವಾದ ಲೋಹದ ಫಲಕಕ್ಕೆ ಸಾಲಾಗಿ ಪಟ್ಟಿಗಳನ್ನು ಬೆಸೆದೋ ರಿವೆಟ್ ಹೊಡೆದೋ ಕೂರಿಸಿರುತ್ತಾರೆ. ಕೆಲಸದ ಜಾಗದಲ್ಲಿ ಇವನ್ನು ಸ್ಟಿಫ್ನರ್ ಎಂದೇ ಕರೆಯುವುದು ರೂಢಿ. ಇಂಥ ಫಲಕಗಳನ್ನು, ಭಾಗಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನದಿಂದ ವಿಶ್ಲೇಷಿಸುವ ಬಗೆಯನ್ನು ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದು, ಕೆಲವು ಪದಗಳ ವಿಚಾರದಲ್ಲಿ ಬಲ್ಲವರ ಅಭಿಪ್ರಾಯವನ್ನು ಕೋರುತ್ತೇನೆ.

ಸ್ಟಿಫ್ನರ್‌ಗೆ ‘ಬಲವರ್ಧಕ’ ಎಂಬ ಪದ ಥಟ್ಟನೆ ಹೊಳೆಯುತ್ತದೆ, ಆದರೆ ಅದು ವಿಷಯವನ್ನೇ ತಪ್ಪಾಗಿ ತಿಳಿಸುತ್ತದೆ. ಫಲಕವನ್ನು ಅದರ ಅಂಚುಗಳಿಂದ ಒಳಮುಖವಾಗಿ ಅದುಮಿದಾಗ, ಉಕ್ಕು ತನ್ನ ಬಲ ಮೀರಿ ಮಣಿಯುವುದಕ್ಕೆ ಬಹಳ ಮೊದಲೇ ಫಲಕವು ತನ್ನ ಸಮತಲವನ್ನು ಬಿಟ್ಟು ಪಕ್ಕಕ್ಕೆ ಡೊಂಕಾಗಿಬಿಡಬಹುದು. ಇದೇ ಬಕ್ಲಿಂಗ್. ಹಾಗಾಗುವ ಒತ್ತಡವು ಫಲಕದ ದಪ್ಪಕ್ಕೂ ಪಟ್ಟಿಗಳ ನಡುವಣ ಅಂತರಕ್ಕೂ ಇರುವ ಅನುಪಾತದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 10 ಮಿ.ಮೀ. ದಪ್ಪದ, ಎರಡೂ ಉದ್ದಂಚುಗಳಲ್ಲಿ ಸರಳ ಆಧಾರವಿರುವ (ಅಂಚು ಪಕ್ಕಕ್ಕೆ ಸರಿಯದು, ಆದರೆ ತಿರುಗಬಲ್ಲದು) ನೀಳ ಉಕ್ಕಿನ ಫಲಕದಲ್ಲಿ ಆಧಾರಗಳ ಅಂತರ 1200 ಮಿ.ಮೀ. ಇದ್ದರೆ ಆ ಒತ್ತಡ ಸುಮಾರು 50 ಮೆಗಾಪ್ಯಾಸ್ಕಲ್. ನಡುವೆ ತಕ್ಕಷ್ಟು ಆಳದ ಪಟ್ಟಿಯೊಂದನ್ನು ಕೂರಿಸಿ ಅಂತರವನ್ನು 600 ಮಿ.ಮೀ.ಗೆ ಇಳಿಸಿದರೆ ಅದು ಸುಮಾರು 200ಕ್ಕೆ ಏರುತ್ತದೆ. ಪಟ್ಟಿಯನ್ನು ಬಿಟ್ಟು ಹೆಚ್ಚು ಬಲದ ಉಕ್ಕನ್ನೇ ತಂದು ಹಾಕಿದೆವೆನ್ನಿ. ಅದರ ಯಂಗ್ ಗುಣಾಂಕವೂ (ಎಳೆತ, ಅದುಮುವಿಕೆಗಳಿಗೆ ವಸ್ತು ಎಷ್ಟು ಕಡಿಮೆ ಹಿಗ್ಗಿ ಕುಗ್ಗುತ್ತದೆ ಎಂಬುದರ ಅಳತೆ) ಸುಮಾರು 200 ಗಿಗಾಪ್ಯಾಸ್ಕಲ್ ಆಗಿಯೇ ಇರುವುದರಿಂದ ಆ 50 ಒಂದಿಷ್ಟೂ ಮೇಲೇರದು. ಬಲವೇ ಬೇರೆ, ಬಾಗದೆ ನಿಲ್ಲುವ ಗುಣವೇ ಬೇರೆ. ಇವೆರಡನ್ನು ಒಂದೇ ಪದದಲ್ಲಿ ಬೆರೆಸಿದರೆ ವಿದ್ಯಾರ್ಥಿಯು ಲೆಕ್ಕವನ್ನೇ ತಪ್ಪು ದಾರಿಯಲ್ಲಿ ಹಿಡಿಯುತ್ತಾನೆ. 1970ರಲ್ಲಿ ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನಲ್ಲಿ ನಾಲ್ವರನ್ನು, ಮೆಲ್ಬರ್ನ್‌ನ ವೆಸ್ಟ್ ಗೇಟ್‌ನಲ್ಲಿ 35 ಜನರನ್ನು ಬಲಿ ತೆಗೆದುಕೊಂಡು ಕುಸಿದ ಸೇತುವೆಗಳು ಇಂಥ ಪಟ್ಟಿ ಕೂರಿಸಿದ ಫಲಕಗಳ ಪೆಟ್ಟಿಗೆಯಾಕಾರದ ಟೊಳ್ಳು ತೊಲೆಗಳೇ ಆಗಿದ್ದವು ಎಂಬುದನ್ನು ನೆನೆದರೆ, ಈ ಎಚ್ಚರ ಅತಿಯಾದುದೇನಲ್ಲ.

ಹಾಗಾದರೆ ಬಾಗದೆ ನಿಲ್ಲುವ ಆ ಗುಣವನ್ನು, ಅಂದರೆ ಸ್ಟಿಫ್ನೆಸ್ ಅನ್ನು, ಏನೆಂದು ಕರೆಯೋಣ? ‘ಬಿಗಿತ’ ಎಂದರೆ ಎಳೆದು ಕಟ್ಟಿದ ಹಗ್ಗ ನೆನಪಿಗೆ ಬರುತ್ತದೆ. ‘ಗಡಸುತನ’ವು ಗೀರು ಬೀಳದ ಗುಣಕ್ಕೆ ಮೀಸಲಾಗಿದೆ. ‘ಅನಮ್ಯತೆ’ ಶಾಸ್ತ್ರಕ್ಕೆ ಒಗ್ಗುತ್ತದೆ, ನಮ್ಯತಾ ಮಾತೃಕೆಯ (ಮ್ಯಾಟ್ರಿಕ್ಸ್) ವಿಲೋಮವೇ ಅನಮ್ಯತಾ ಮಾತೃಕೆ ಎಂದು ಸೊಗಸಾಗಿ ಹೇಳಬಹುದು. ಆದರೆ ಅದರಿಂದ ಕ್ರಿಯಾಪದ ಸಲೀಸಾಗಿ ಹುಟ್ಟುವುದಿಲ್ಲ. ನನ್ನ ಒಲವು ‘ಪೆಡಸುತನ’ದ ಕಡೆಗಿದೆ: ಪೆಡಸಾಗಿಸು, ಪೆಡಸುಪಟ್ಟಿ, ಪೆಡಸುಪಟ್ಟಿಯ ಫಲಕ ಎಂದೆಲ್ಲ ಬೆಳೆಸಬಹುದು. ಪೆಡಸು ಎಂದೊಡನೆ ‘ಸುಲಭವಾಗಿ ಮುರಿಯುವ’ ಎಂಬ ಅರ್ಥ ನಿಮ್ಮ ಕಡೆಯ ಮಾತಿನಲ್ಲಿ ಮುಂದೆ ಬರುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ. ಬರುವುದಾದರೆ ನಾನು ಅನಮ್ಯತೆಗೇ ಮರಳುತ್ತೇನೆ.

ಫೈನೈಟ್ ಎಲಿಮೆಂಟ್ ಎಂಬ ಹೆಸರನ್ನು 1960ರಲ್ಲಿ ಅಮೆರಿಕದ ಎಂಜಿನಿಯರ್ ರೇ ಕ್ಲಫ್ ಕೊಟ್ಟರು. ಕಲನಶಾಸ್ತ್ರದ ಅತ್ಯಲ್ಪ ತುಣುಕುಗಳಿಗೆ ಪ್ರತಿಯಾಗಿ, ಅಳೆಯಬಹುದಾದ ಗಾತ್ರವುಳ್ಳ ತುಣುಕು ಎಂಬುದು ಅಲ್ಲಿನ ಭಾವ. ಆದ್ದರಿಂದ ‘ಸೀಮಿತ’ ಸಲ್ಲದು, ಅದು ಕೊರತೆಯನ್ನು ಸೂಚಿಸುತ್ತದೆ, ‘ಪರಿಮಿತ’ವೇ ಸರಿ. ‘ಮೂಲವಸ್ತು’, ‘ಧಾತು’ ರಸಾಯನಶಾಸ್ತ್ರಕ್ಕೆ ಸೇರಿದವು. ಅಖಂಡವಾದ ಫಲಕವನ್ನು ಭಾಗಗಳಾಗಿ ಒಡೆದು, ಅವುಗಳ ಗಂಟುಗಳಲ್ಲಿ ಮರುಜೋಡಿಸುವುದೇ ಈ ವಿಧಾನವಾಗಿರುವುದರಿಂದ ‘ಪರಿಮಿತ ಖಂಡ’ ಎಂಬುದು ‘ಪರಿಮಿತ ಘಟಕ’ಕ್ಕಿಂತ ಹೆಚ್ಚು ಹೊಂದುತ್ತದೆ ಎಂದು ನನ್ನ ಎಣಿಕೆ.

ಬಕ್ಲಿಂಗ್‌ಗೆ ಮಾತ್ರ ನನಗೆ ಪದ ಸಿಕ್ಕಿಲ್ಲ. ‘ಬಾಗು’ ಎಂಬುದನ್ನು ಬೆಂಡಿಂಗ್‌ಗೆ ಬಿಟ್ಟುಕೊಡಬೇಕು. ‘ಬಳುಕು’ ಹಿತವಾದ, ಮರಳಿ ನೆಟ್ಟಗಾಗುವ ಚಲನೆ. ‘ಉಬ್ಬು’ ಒಂದೇ ಕಡೆಗೆ ಹೋಗುವಂಥದ್ದು, ಫಲಕವಾದರೋ ಅತ್ತಿತ್ತ ಅಲೆಅಲೆಯಾಗಿ ಡೊಂಕಾಗುತ್ತದೆ. ಪಟ್ಟಿಗಳ ನಡುವಿನ ಫಲಕವಷ್ಟೇ ಡೊಂಕಾಗುವುದು, ಪಟ್ಟಿಸಮೇತ ಇಡೀ ಫಲಕ ಡೊಂಕಾಗುವುದು, ಪಟ್ಟಿಯೇ ತಿರುಚಿಕೊಂಡು ಪಕ್ಕಕ್ಕೆ ವಾಲುವುದು, ಈ ಮೂರಕ್ಕೂ ಒಗ್ಗುವ ಕ್ರಿಯಾಪದವೊಂದು ತಗಡಿನ ಕೆಲಸ ಮಾಡುವವರ ಬಾಯಲ್ಲಿ ಇದ್ದರೆ, ಅದನ್ನು ಯಾವ ಊರಿನಲ್ಲಿ ಕೇಳಿದಿರಿ ಎಂಬುದರೊಂದಿಗೆ ತಿಳಿಸಬೇಕೆಂದು ವಿನಂತಿ.